ರಟ್ಟಿನಡಿ ಹೋದ ಎರಡು ಬೆರಳು ದಾರಿ

ಗೆಳೆಯ ಶಿವಪ್ಪಾ,

ಹೋದ ವಾರ ನಿನ್ನ ಹೆಂಡತಿ ಕಸ್ತೂರಿ ವೈನಿ ದಾಂಡೇಲಿಯ ನನ್ನ ಫ್ರೇಮಿನಂಗಡಿಗೆ ಬಂದಿದ್ದರು. ಬಗಲಲ್ಲಿ ನಿನ್ನ ಆ ಚಿತ್ರ, ಉಳವಿಯ ದಾರಿಯದು. ಗೋಡೆಯಿಂದ ಬಿದ್ದು ಗಾಜು ಒಡೆದಿತ್ತು. "ಬಿಟ್ಟು ಹೋಗ್ರಿ, ನಾಳೆ ಕೊಡ್ತೇನಿ" ಎಂದೆ. "ಇಲ್ಲೇ ಕುಂಡರ್ತೇನಿ ಅಣ್ಣಾರ, ನನಗೇನ ಗಡಿಬಿಡಿ ಇಲ್ಲ" ಎಂದು ಸ್ಟೂಲು ಎಳೆದುಕೊಂಡರು. ಸತ್ತು ಎರಡು ವರ್ಷವಾದರೂ ನೀನು ನನ್ನನ್ನು ಬಿಡಲೊಲ್ಲೆ ನೋಡು.

ಆ ಚಿತ್ರ ಹುಟ್ಟಿದ ದಿನ ನೆನಪಿದೆಯಾ? ಮಿಲ್ಲಿನಲ್ಲಿ ನಿನಗೆ ರಜೆ. ಕುಂಬಾರವಾಡ ದಾಟಿ ಇಳಿಜಾರಿನ ಬದಿಯಲ್ಲಿ ಕೂತಿದ್ದೆವು. ಉಳವಿ ಜಾತ್ರೆಗೆ ಹೊರಟ ಎತ್ತಿನ ಗಾಡಿಗಳು ಇಳಿಯುತ್ತಿದ್ದವು. ಜೋರು ಓಡಬಾರದೆಂದು ಪ್ರತಿ ಗಾಡಿಯ ಹಿಂದೆ ಹಗ್ಗದಿಂದ ಒಂದು ಮರದ ದಿಮ್ಮಿ ಕಟ್ಟಿದ್ದರು. ನಾನು ಎಣಿಸಿದೆ: ಮೂವತ್ತೊಂದು ಗಾಡಿ. ನೀನು ಒಂದು ಗಾಡಿಯನ್ನೂ ಬರೆಯಲಿಲ್ಲ. ಎಲ್ಲ ಹೋದ ಮೇಲೆ ಉಳಿದ ಖಾಲಿ ದಾರಿ ಬರೆದೆ. ಎರಡು ಗಾಲಿಗೆರೆ, ನಡುವೆ ದಿಮ್ಮಿ ಉಜ್ಜಿಕೊಂಡು ಹೋದ ಅಗಲ ಗುರುತು, ಗಾಳಿಯಲ್ಲಿ ಇನ್ನೂ ಇಳಿಯದ ಧೂಳು. ಇಬ್ಬರೂ ಒಬ್ಬನೇ ಪೇಂಟರನ ಹತ್ತಿರ ಬೋರ್ಡು ಬರೆಯಲು ಕಲಿತವರು. ಅಕ್ಷರ ನನ್ನದು ನೆಟ್ಟಗೆ, ನಿನ್ನದು ಡೊಂಕು. ಅಂಗಡಿ ಕಟ್ಟಿ ನಿಂತವನು ನಾನು. ಹಾಗಿದ್ದ ಮೇಲೆ ಆ ಧೂಳು ನಿನಗೊಬ್ಬನಿಗೇ ಯಾಕೆ ಕಂಡಿತು?

ಧಾರವಾಡದಲ್ಲಿ ಹಳೆಯ ದಾರಿಗಳ ಚಿತ್ರಪ್ರದರ್ಶನ ಎಂದಾಗ ಚೌಕಟ್ಟು ಹಾಕಿಸಲು ನನ್ನ ಹತ್ತಿರವೇ ತಂದೆ. ನೋಡಿದೆ. ಚಿತ್ರದ ಸುತ್ತ ಕೂರಿಸುವ ಬಿಳಿ ರಟ್ಟು ಕೊಯ್ಯುವಾಗ ಕೆಳಗೆ ಎರಡು ಬೆರಳು ಹೆಚ್ಚು ಬಿಟ್ಟೆ. ಗಾಲಿಗೆರೆ, ದಿಮ್ಮಿಯ ಗುರುತು ಪೂರ್ತಿ ರಟ್ಟಿನಡಿ ಹೋದವು. ಯಾಕೆಂದು ನೀನು ಕೇಳಿದೆ. "ಕೆಳಗ ಬೂಷ್ಟು ಹಿಡದಿತ್ತಲೇ, ಮುಚ್ಚೇನಿ" ಎಂದು ನಾನು ಹೇಳಿದೆ. "ನಿನಗ ತಿಳದ ಕೆಲಸ, ನಿನಗ ಬಿಟ್ಟೇನಿ" ಎಂದೆ ನೀನು. ಎರಡು ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ. "ಕಾಡು ಚಂದ ಐತಿ, ಯಾತ್ರಿ ಎಲ್ಲೈತಿ ಅಂತ ತೀರ್ಪುಗಾರ್ರು ಕೇಳಿದ್ರೋ" ಎಂದು ನೀನು ನಗುತ್ತಾ ಹೇಳಿದಾಗ ನಾನೂ ನಕ್ಕೆ. ಆಮೇಲೆ ನೀನು ಆ ದಾರಿಯನ್ನು ಮತ್ತೆ ಬರೆಯಲೇ ಇಲ್ಲ. ಅದು ನನ್ನಿಂದಲೇ ಏನೋ ಅಂತ...

ಹೋದ ವಾರ ಗಾಜು ಬದಲಿಸಲು ವೈನಿಯ ಎದುರೇ ರಟ್ಟು ಎತ್ತಬೇಕಾಯಿತು. ಮೇಲಿನ ಬಣ್ಣವೆಲ್ಲ ಬೆಳಕಿಗೆ ಮಾಸಿತ್ತು. ಮುಚ್ಚಿದ್ದ ಎರಡು ಬೆರಳಿನಲ್ಲಿ ಮಾತ್ರ ನಿನ್ನೆ ಬರೆದಂಥ ಕೆಂಪು ಮಣ್ಣು.

"ಬೂಷ್ಟು ಎಲ್ಲೈತ್ರಿ?" ಎಂದರು. ನನ್ನ ಆ ಮಾತನ್ನು ನೀನು ಮನೆಯಲ್ಲೂ ಹೇಳಿದ್ದೆ ಕಾಣುತ್ತದೆ.

"ಇರಲಿಲ್ರಿ ವೈನಿ. ಹೊಟ್ಟಿಕಿಚ್ಚಿಗೆ ಮುಚ್ಚಿದೆ."

ವೈನಿ ರಟ್ಟನ್ನು ಬದಿಗೆ ಸರಿಸಿದರು. "ನನ್ನ ಮುಂದ ಹೇಳಿ ಏನ ಮಾಡ್ತೀರಿ? ಅವರ ಮುಂದ ಹೇಳ್ರಿ. ಮತ್ತ ಇದನ್ನ ಪೂರಾ ಕಾಣೂ ಹಂಗ ಕಟ್ಟಿ, ನಡಕೊಂಡು ಹೋಗವ್ರು ನೋಡೂವಲ್ಲೆ ಹಾಕ್ರಿ. ಮನ್ಯಾಗ ಬ್ಯಾಡ."

ಇಗೋ, ಈ ಪತ್ರದಲ್ಲಿ ಹೇಳಿದ್ದೇನೆ.

ಇನ್ನು ನಿನ್ನೆಯ ಸುದ್ದಿ. ಚಿತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಂಬಾರವಾಡಕ್ಕೆ ಒಯ್ದು, ಯಾತ್ರೆಯವರು ದಣಿವಾರಿಸಿಕೊಳ್ಳುವ ಚಹಾದಂಗಡಿಯ ಗೋಡೆಗೆ ಹಾಕಿದೆ. ತೇರಗಾಂವದಿಂದ ನಡೆದು ಬಂದ ಅಜ್ಜಿಯೊಬ್ಬಳು ಕಪ್ಪು ಹಿಡಿದುಕೊಂಡೇ ಹತ್ತಿರ ಹೋದಳು. "ಗಾಡಿ ಈಗಷ್ಟ ಇಳದ ಹೋಗ್ಯಾವು, ಇನ್ನೂ ಧೂಳ ಐತಿ, ಬರ್ರೆ ಇಲ್ಲೆ" ಎಂದು ಜೊತೆಯವರನ್ನು ಕರೆದಳು. ಗಾಜಿನ ಮೇಲಿಂದಲೇ ದಿಮ್ಮಿಯ ಗುರುತಿಗೆ ಬೆರಳಾಡಿಸಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು. ನಾನು ಬರೆದ ಯಾವ ಬೋರ್ಡಿಗೆ ಯಾರು ಹಾಗೆ ಮಾಡಿದ್ದಾರೆ, ಹೇಳು?

ನನ್ನ ಕೈಯಲ್ಲಿ ಸುತ್ತಿಗೆ ಕಂಡು ಕೇಳಿದಳು: "ನೀವ ಬರದ್ರೇನಪಾ ಇದನ್ನ?"

ಹೌದು ಅಂದಿದ್ದರೆ ಅಲ್ಲಿ ಯಾರಿಗೆ ಗೊತ್ತಾಗುತ್ತಿತ್ತು, ಶಿವಪ್ಪಾ? ಸುತ್ತಿಗೆಯನ್ನು ಚೀಲಕ್ಕೆ ಹಾಕಿದೆ. ಆಮೇಲೆ ನಿನ್ನ ಹೆಸರು ಹೇಳಿದೆ. ಅಜ್ಜಿಗೆ ಕಿವಿ ಮಂದ. ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಅಂಗಡಿಗೆಲ್ಲ ಕೇಳುವಂತೆ.

ನಿನ್ನ ಮೆಹಬೂಬ