ಕಾಡವರೆಯ ಮೂರು ನೀರು

ಪ್ರೀತಿಯ ಅತ್ತೆ,

ಹೋದ ವರ್ಷ ತಂಗಿ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದು ನಿಮ್ಮಿಂದಲ್ಲ, ನನ್ನಿಂದ. ವಿಷ ಹೋಗಲೆಂದು ಕಾಡವರೆಯ ಕಾಳನ್ನು ಮೂರು ಸಲ ಬೇಯಿಸಿ, ಮೂರು ಸಲವೂ ನೀರು ಚೆಲ್ಲಲು ಹೇಳಿ ನೀವು ಕೆಲಸಕ್ಕೆ ಹೋಗಿದ್ದಿರಿ. ಒಲೆಯ ಮುಂದೆ ನಿಲ್ಲಲಾರದೆ ನಾನು ಒಂದೇ ಸಲ ಚೆಲ್ಲಿದೆ. ಅಪ್ಪ ನಿಮಗೆ "ಇನ್ಮೇಲೆ ನನ್ನ ಅಡುಗೆಮನೆಗೆ ಕಾಲಿಡಬೇಡ ಅಕ್ಕ" ಅಂದಾಗಲೂ ಬಾಯಿ ಬಿಡಲಿಲ್ಲ.

ನಿನ್ನೆ ಅಪ್ಪನಿಗೆ ಎಲ್ಲ ಹೇಳಿದೆ. "ಯಾವ ಮುಖ ಇಟ್ಕೊಂಡು ಅಕ್ಕನ್ನ ಕರೀಲಿ?" ಎಂದು ತಲೆ ಹಿಡಿದು ಕೂತರು. ನೀವೇ ಬನ್ನಿ. ಬೇಲಿಯ ಕಾಡವರೆ ಬಳ್ಳಿಯ ಸೊಪ್ಪು ಮೇಕೆಗೆ ಹೋಗುತ್ತಿದೆ, ಕಾಳು ಮುಟ್ಟಲು ಎಲ್ಲರಿಗೂ ಭಯ. ತಂಗಿಗೆ ಬೇಯಿಸಲು ಕಲಿಸಿ. ಅವಳು ನಿಂತಲ್ಲಿ ನಿಲ್ಲುತ್ತಾಳೆ.

ಶಾಲೆಯಲ್ಲೂ ಕೂರಲಾಗದ ನನಗೆ ಪಟ್ಟಣದಲ್ಲಿ ಕೊರಿಯರ್ ಹಂಚುವ ಕೆಲಸ ಸಿಕ್ಕಿದೆ. ನಿಮ್ಮೆದುರು ನಿಲ್ಲಲು ಹೆದರಿ ಹೋಗುತ್ತಿಲ್ಲ ಎಂದರೆ ಸುಳ್ಳಾದೀತು. ನಾಳೆ ಬೆಳಗ್ಗೆ ಹೊರಡುತ್ತೇನೆ.

ನಿಮ್ಮ ಬಾಲ ಸುಟ್ಟ ಬೆಕ್ಕು