ಅಮ್ಮನ ಹೊಟ್ಟೆಬಾಕರು

ಅಡುಗೆಮನೆ ಮೇಜಿನಿಂದ,
ಮಾರ್ಚ್ ಹನ್ನೊಂದು, ಬೆಳಗ್ಗೆ

ಪ್ರೀತಿಯ ಚೂಟಿ,

ನಿನ್ನಪ್ಪ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾನೆ, ಕೂಡಲೇ ಹೊರಟು ಬಾ. ಸುಳ್ಳು. ಜಾರಿದ್ದು ಸೋಪು, ಮುರಿದದ್ದು ಸೋಪಿನ ಡಬ್ಬಿ. ಹೀಗೆ ಹೆದರಿಸದಿದ್ದರೆ ನೀನು ನನ್ನ ಕಾಗದ ಎರಡನೇ ಸಾಲಿನವರೆಗೂ ಓದುವುದಿಲ್ಲ. ಹೇಗಿದ್ದೀಯ? ಊಟ ಮಾಡುತ್ತೀಯಾ, ಇಲ್ಲ ಮೈಕ್ರೋಸ್ಕೋಪಿನಲ್ಲಿ ಬೇರೆಯವರು ತಿನ್ನುವುದನ್ನು ನೋಡಿಯೇ ಹೊಟ್ಟೆ ತುಂಬಿಸಿಕೊಳ್ಳುತ್ತೀಯಾ? ನನಗೆ ಬಿ.ಪಿ. ಇದೆ, ಅದಕ್ಕೂ ನಾನಿದ್ದೇನೆ.

ಮೊನ್ನೆ ನಿನ್ನ ಹಳೆಯ ಲ್ಯಾಬಿನ ಗೆಳತಿ ಸಿಕ್ಕಿದ್ದಳು. ಅಮ್ಮನ ರಕ್ತದ ಮೇಲೆ ಮಾಡಿದ ಕೆಲಸವನ್ನೆಲ್ಲ ನೀನು ಕೈಬಿಡುತ್ತೀಯಂತೆ. ಆ ಕೊನೆಯ ಸಲ ಹಾಗ್ಯಾಕಾಯಿತು ಅಂತ ಹದಿನಾಲ್ಕು ತಿಂಗಳಿಂದ ತಲೆ ಕೆಡಿಸಿಕೊಂಡು, ಈಗ "ನನ್ನ ಕಣ್ಣನ್ನೇ ನಂಬಬೇಡಿ" ಅನ್ನುತ್ತೀಯಂತೆ.

ಪ್ರತಿ ಸೋಮವಾರ ಅಮ್ಮನ ತೋಳಿಂದ ಒಂದು ಟ್ಯೂಬ್ ರಕ್ತ ತೆಗೆದು, ಕುಲುಕದ ಹಾಗೆ ಎದೆಗೆ ಹಿಡಿದು ಬಸ್ಸಿನಲ್ಲಿ ನಿನಗೆ ತಂದುಕೊಡುತ್ತಿದ್ದೆ. ಆಸ್ಪತ್ರೆಯಲ್ಲಿ ನಲವತ್ತು ವರ್ಷ ಊರವರ ರಕ್ತ ತೆಗೆದ ಕೈ ಇದು. ನಿನ್ನಮ್ಮ ಮಾತ್ರ, "ಮದುವೆಯಾದಾಗಿಂದ ಹೀರ್ತಾನೇ ಇದೀರಿ, ಈಗ ಸೂಜಿ ಬೇರೆ" ಅನ್ನುತ್ತಿದ್ದಳು. ನೀನು ಅದರಿಂದ ರೋಗಾಣು ನುಂಗುವ ಬಿಳಿಕಣಗಳನ್ನು ಬೇರ್ಪಡಿಸಿ, ಮೈಯಷ್ಟೇ ಬೆಚ್ಚಗಿನ ಗಾಜಿನ ತಟ್ಟೆಯಲ್ಲಿಟ್ಟು, ಅವು ಎಷ್ಟು ತಿನ್ನುತ್ತವೆ ಅಂತ ನೋಡಲು ಮೇಲೆ ರೋಗಾಣುವಿನಷ್ಟೇ ಸಣ್ಣ ಮಣಿಗಳ ಪುಡಿ ಉದುರಿಸುತ್ತಿದ್ದೆ. ಕಣ ನುಂಗಿದ ಮಣಿ ಮಾತ್ರ ಅದರ ಹೊಟ್ಟೆಯೊಳಗೆ ಕೆಂಪಗೆ ಹೊಳೆಯುತ್ತಿತ್ತು. ಬೆಳಕು ಜಾಸ್ತಿಯಾದರೆ ಕಣ ಸಾಯುತ್ತದೆ ಅಂತ ಅರ್ಧ ನಿಮಿಷಕ್ಕೊಮ್ಮೆ ಕಣ್ಣು ಮಿಟುಕಿಸುವಷ್ಟೇ ಬೆಳಕು ಬಿಟ್ಟು ಚಿತ್ರ ತೆಗೆಯುತ್ತಿದ್ದೆ. ಸಂಜೆ ಫೋನಿನಲ್ಲಿ ಅದನ್ನು ತೋರಿಸಿದರೆ ಅಮ್ಮ, "ಆ ಮೂಲೆ ಹೊಟ್ಟೆಬಾಕನ್ನ ನೋಡೇ, ನಿಮ್ಮಪ್ಪನ ಥರ ಎರಡೂ ಕೈಲಿ ಬಾಚ್ಕೊಳ್ತಾನೆ" ಅಂತ ನಗುತ್ತಿದ್ದಳು.

ಕಾಯಿಲೆ ಬಲಿತಂತೆ ಕಣಕ್ಕೆ ಐದು ಮಣಿ ಇದ್ದದ್ದು ಮೂರಾಯಿತು, ಒಂದಾಯಿತು. ನೀನು ಚಿತ್ರ ತೋರಿಸುವುದನ್ನೇ ಬಿಟ್ಟೆ. ಆಮೇಲೆ ಆ ಸೋಮವಾರ ಇದ್ದಕ್ಕಿದ್ದಂತೆ ಆರು. "ಅಪ್ಪಾ, ಅಮ್ಮ ಹುಷಾರಾಗ್ತಿದಾಳೆ" ಅಂತ ಬಾಗಿಲಲ್ಲೇ ನನ್ನ ಕೈ ಹಿಡಿದು ಕುಣಿದೆ. ಮುಂದೂಡುತ್ತಲೇ ಇದ್ದ ದೂರದೂರಿನ ಮೂರು ವಾರದ ತರಬೇತಿಗೆ ಹೊರಟೆ. ಒಂಬತ್ತನೇ ದಿನ ಅಮ್ಮ ಹೋದಳು. ಕಡೆಯ ಎರಡು ದಿನ ನಿನ್ನನ್ನೇ ಕೇಳುತ್ತಿದ್ದಳು. ನೀನು ಬಂದು ಮುಖವನ್ನಷ್ಟೇ ನೋಡಿದೆ, ತಿರುಗಿ ಹೋದವಳು ಅಲ್ಲೇ ಉಳಿದೆ.

ಮೈ ನೋಡಿಕೋ. ಚಳಿಗೆ ಕಿವಿ ಮುಚ್ಚಿಕೋ. ನಿನಗೆ ಒಳ್ಳೆಯದಾಗಲಿ, ನನ್ನ ಮೇಲೆ ಸಿಟ್ಟು ಬಂದ ಮೇಲೂ.

ನಿನ್ನ,
ಅಪ್ಪ

ತಾ.ಕ.: ಮರೆತಿದ್ದೆ ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಆ ಸೋಮವಾರ ಮೂರು ಕಡೆ ಚುಚ್ಚಿದರೂ ಅಮ್ಮನ ನರ ಸಿಗಲಿಲ್ಲ. "ಸಾಕು ಬಿಡಿ, ಇವತ್ತು ಆಗ್ಲಿಲ್ಲ ಅಂತ ಹೇಳಿ" ಅಂದು ಮಗ್ಗುಲಾದಳು. ಹಾಗಂತ ನಿನಗೆ ಹೇಳುವ ಧೈರ್ಯ ನನಗಿರಲಿಲ್ಲ. ಇದೇ ಮೇಜಿನ ಮುಂದೆ ಕೂತು ನನ್ನ ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆದೆ, ಚೀಟಿಯ ಮೇಲೆ ಅವಳ ಹೆಸರು ಬರೆದೆ. ಸಂಜೆ ಹೇಳಬೇಕೆಂದು ಬಾಯಿ ತೆರೆದೆ. ನೀನು ಪೆಟ್ಟಿಗೆ ತುಂಬುತ್ತಿದ್ದೆ. ಅಮ್ಮನಿಗೂ ಗೊತ್ತಿರಲಿಲ್ಲ. ನಿನ್ನ ಕಣ್ಣು ಸರಿಯಾಗಿಯೇ ನೋಡಿತ್ತು, ಮಗಳೇ. ಆ ಟ್ಯೂಬಿನಲ್ಲಿದ್ದದ್ದು ನನ್ನ ರಕ್ತ.