ರಾಜ ನೀರು ಹೊರುವ ಪುಟ

ಅಪ್ಪಾ,

ಹರಿದುಹೋಗಿದ್ದ ಜಾನಪದ ಕಥೆಯ ಚಿತ್ರಪುಸ್ತಕವನ್ನು ಚಿಕ್ಕಂದಿನಲ್ಲಿ ನನಗಾಗಿ ನೀನೇ ಬೈಂಡ್ ಮಾಡಿಕೊಟ್ಟಿದ್ದೆಯಲ್ಲ, ಅದನ್ನು ಇವತ್ತು ಅಕ್ಕನ ಮಗಳಿಗೆ ಓದಿದೆ. ಕಿರೀಟ ಕಳೆದುಕೊಂಡ ರಾಜ ಮುದುಕಿಯ ಮನೆಗೆ ನೀರು ಹೊರುವಲ್ಲಿಗೆ ಕಥೆ ಮುಗಿಯಿತು.

"ತಪ್ಪು ಮಾಮಾ! ಶಾಲೆ ಪುಸ್ತಕದಲ್ಲಿ ಅವನಿಗೆ ಕಿರೀಟ ವಾಪಸ್ ಸಿಗುತ್ತೆ."

ಪುಸ್ತಕ ತಿರುವಿ ನೋಡಿದೆ. ಕೊನೆಯಲ್ಲಿರಬೇಕಾದ ರಾಜ ಕಿರೀಟ ತೊಡುವ ಹಾಳೆಗಳನ್ನು ನೀನು ಮೊದಲಿಗೇ ಸೇರಿಸಿ ಹೊಲಿದಿದ್ದೀಯ!

ಆಳುವವರೂ ದುಡಿಯುವವರೂ ಸಮಾನರೆನ್ನುವ ಕರಪತ್ರ ಓದಿ ಓದಿ ನನ್ನ ತಲೆ ಕೆಟ್ಟಿತೆಂದು ನೀನು ಸದಾ ಗೊಣಗುತ್ತಿದ್ದೆ. ನೋಡಿದರೆ, ಕೆಡಿಸಿದ್ದು ನಿನ್ನ ಸೂಜಿ. ಬೇಕೆಂದೇ ಹೊಲಿದೆಯಾ? ನೀನಿದ್ದಿದ್ದರೂ ಒಪ್ಪಿಕೊಳ್ಳುತ್ತಿರಲಿಲ್ಲ ಬಿಡು. ಇಬ್ಬರೂ ಊಟ ಆರುವವರೆಗೆ ಜಗಳವಾಡುತ್ತಿದ್ದೆವು.

ಹೊಲಿಗೆ ಬಿಚ್ಚಿ ಸರಿಮಾಡಲೇ ಎಂದು ಅವಳನ್ನು ಕೇಳಿದೆ.

"ಬೇಡ ಮಾಮಾ. ಆಮೇಲೆ ಆ ಮುದುಕಿ ಅಜ್ಜಿಗೆ ನೀರು ಯಾರು ತರ್ತಾರೆ?"

ಹೊಲಿಗೆ ಹಾಗೇ ಇದೆ, ಅಪ್ಪಾ. ಗಟ್ಟಿಯಾಗಿದೆ.